ಅರ್ಧ ಗುಡ್ಡೆ

ತಾತ ಗುರಿ ಪರೀಕ್ಷೆಯಲ್ಲಿ ಫೇಲಾಗಿದ್ದಾನೆ ಎಂಬ ಸುದ್ದಿ ಮನೆಗೆ ಬಂದದ್ದು ಪೆಟ್ರೋಲ್ ಬಂಕಿನಿಂದ. ಓಸ್ಸಿಯ ಅಪ್ಪ ಇಲ್ಕ, ಮರದ ದಿಮ್ಮಿ ಹೇರಿದ ಲಾರಿಗೆ ಡೀಸೆಲ್ ಹಾಕಿಸುತ್ತ ನಿಂತಿದ್ದ. ಬೇಟೆ ತಂಡದ ಮುಖಂಡ ರೇಯೊ ಹತ್ತಿರ ಬಂದು, ಮುದುಕ ಹೇಗಿದ್ದಾನೆ, ತುಂಬ ಮನಸ್ಸಿಗೆ ಹಚ್ಚಿಕೊಂಡಿದ್ದಾನಾ ಎಂದು ವಿಚಾರಿಸಿದ. ಏನನ್ನು ಹಚ್ಚಿಕೊಳ್ಳುವುದು ಎಂದು ಇಲ್ಕ ಕೇಳಿದ. ಗುರಿ ಪರೀಕ್ಷೆ ಹೋಯಿತಲ್ಲ ಎಂದಷ್ಟೇ ಹೇಳಿ ರೇಯೊ ತನ್ನ ಕಾರಿನ ಗಾಜು ಒರೆಸತೊಡಗಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

ಆ ಸಂಜೆ ಊಟಕ್ಕೆ ಮುಯಿಕ್ಕು ಮೀನು. ಬೆರಳುದ್ದದ ಮೀನುಗಳನ್ನು ರೈ ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಹುರಿದದ್ದು. ಬೆಳಿಗ್ಗೆ ಬಲೆ ಎತ್ತಿದವನೂ ತಾತನೇ, ಹುರಿದವನೂ ತಾತನೇ. ಅವನು ಮೀನನ್ನು ಬಾಲ ಹಿಡಿದು ಎತ್ತಿ, ತಲೆಯ ಕಡೆಯಿಂದ ಬಾಯಿಗಿಟ್ಟು, ಮುಳ್ಳುಸಮೇತ ನುರಿಸಿ, ಬಾಲವೊಂದನ್ನೇ ತಟ್ಟೆಯ ಅಂಚಿಗೆ ಇಡುತ್ತಿದ್ದ. ತಟ್ಟೆಯ ಸುತ್ತ ಬಾಲಗಳು ಬೇಲಿಯ ಹಾಗೆ ನಿಂತಿದ್ದವು. ಹೆಂಡತಿ ಸತ್ತ ವರ್ಷದಿಂದ ಆ ಮನೆಯಲ್ಲಿ ಬಾಯಿ ಚಪ್ಪರಿಸಿ ಉಣ್ಣುವವನು ಅವನೊಬ್ಬನೇ ಆಗಿದ್ದ. ಉಳಿದವರು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರು, ಅಷ್ಟೆ.

"ಜೂನ್ ತಿಂಗಳಲ್ಲಿ ಪಾಸಾಯ್ತು ಅಂದಿದ್ದೆಯಲ್ಲ ಅಪ್ಪ," ಇಲ್ಕ ಕೇಳಿದ.

"ಅಂದಿದ್ದೆ."

"ಆಗಿಲ್ಲವಂತೆ."

"ಆಗಿಲ್ಲ."

ತಾತ ಇನ್ನೊಂದು ಮೀನು ಎತ್ತಿಕೊಂಡ. ಸುಳ್ಳು ಹೇಳಿದ್ದು ಯಾಕೆ ಎಂದು ಇಲ್ಕ ಕೇಳಿದ. ನಿಜ ಹೇಳಿದ್ದರೆ ನೀನು ಬಂದು ನನ್ನ ಕೈ ಹಿಡಿದುಕೊಳ್ಳುತ್ತಿದ್ದೆಯಾ, ನಡುಗದ ಹಾಗೆ, ಎಂದು ತಾತ ಕೇಳಿದ. ಎಲ್ಕ್ ಎಂದರೆ ಆ ಕಾಡಿನ ದೈತ್ಯ ಜಿಂಕೆ; ಮೈದಾನದಲ್ಲಿ ನಿಲ್ಲಿಸಿದ ಹಲಗೆಯ ಎಲ್ಕಿಗೆ ಎದೆಯಲ್ಲೊಂದು ವೃತ್ತ ಬರೆದಿರುತ್ತಾರೆ. ಗುಂಡುಗಳು ಅದರೊಳಗೆ ಬೀಳಬೇಕು. ತಾತನವು ಹೊಟ್ಟೆಗೊಂದು, ಕಾಲಿಗೊಂದು, ಹಿಂದಿನ ಮಣ್ಣಿನ ದಿಬ್ಬಕ್ಕೊಂದು ಬಿದ್ದಿದ್ದವು. ಮತ್ತೆ ಕಟ್ಟಿದ, ಮತ್ತೆ ಹಾಗೇ ಆಯಿತು. ಪರೀಕ್ಷೆ ಪಾಸಾಗದವನು ಎಲ್ಕ್ ಬೇಟೆಗೆ ಕೋವಿ ಹಿಡಿಯುವಂತಿಲ್ಲ. ಅದು ಸರ್ಕಾರದ ಕಾನೂನು, ರೇಯೊನದಲ್ಲ.

"ಹಾಗಾದರೆ ಈ ವರ್ಷ ಎಲ್ಕ್ ಇಲ್ಲ," ಓಸ್ಸಿಯ ಅಮ್ಮ ಸೈಲಾ ಹೇಳಿದಳು. ದುಃಖದಿಂದಲ್ಲ. ಅವಳು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಬೆಳಗಿನಿಂದ ಹಲ್ಲಿಲ್ಲದವರಿಗೆ ಗಂಜಿ ತಿರುವಿ ಬಂದು, ಮನೆಯಲ್ಲಿ ಮೀನಿನ ಹೊಟ್ಟೆ ಬಗೆಯುವವಳು. ಸಿಂಕಿನ ತುಂಬ ಹುರುಪೆ, ಪರದೆಯ ತುಂಬ ವಾಸನೆ, ಫ್ರೀಜರಿನ ತುಂಬ ಹೋದ ವರ್ಷದ ಮೂಳೆ. ಅಂಗಡಿಯಲ್ಲಿ ಕೊಯ್ದು, ತೊಳೆದು, ಪ್ಯಾಕು ಮಾಡಿದ ಹಂದಿ ಮಾಂಸ ಸಿಗುತ್ತದೆ ಎಂದು ಅವಳು ಮೊದಲಿನಿಂದಲೂ ಹೇಳುತ್ತ ಬಂದವಳು.

"ಕೋವಿ ಇಲ್ಲದಿದ್ದರೆ ಕಾಲಿಲ್ಲವಾ," ತಾತ ಹೇಳಿದ. "ಪ್ರಾಣಿ ಎಬ್ಬಿಸೋಕೆ ಹಳು ನುಗ್ತೀನಿ. ಹಳುವಿನವನಿಗೂ ಪಾಲಿದೆ."

ಓಸ್ಸಿ ತಟ್ಟೆ ದೂರ ತಳ್ಳಿದ. ಅವನಿಗೆ ಸಿಟ್ಟು ಬಂದಿತ್ತು. ಸಿಟ್ಟು ಅವನಿಗೆ ದಿನವೂ ಬರುತ್ತಿತ್ತು. ಕಸುಬಿನ ಶಾಲೆಯನ್ನು ಅರ್ಧಕ್ಕೆ ಬಿಟ್ಟು ಮರದ ಮಿಲ್ಲಿನಲ್ಲಿ ಹಲಗೆ ಜೋಡಿಸುವ ಕೆಲಸಕ್ಕೆ ಸೇರಿದವನು. ಹಲಗೆಗಳ ಮೇಲೆ ಸಿಟ್ಟು, ಮೇಸ್ತ್ರಿಯ ಮೇಲೆ ಸಿಟ್ಟು, ಏನು ಹೇಳಿದರೂ ತಲೆ ತಗ್ಗಿಸಿ ತಿನ್ನುವ ಅಪ್ಪನ ಮೇಲೆ ಇನ್ನೂ ಸಿಟ್ಟು. ಈ ಸಲ ಗಾಜು ಒರೆಸಿದ ರೇಯೊನ ಮೇಲೆ ಬಂತು. ಪಾಪದ ಧ್ವನಿಯಲ್ಲಿ ಸುದ್ದಿ ಮುಟ್ಟಿಸಿ ನುಣುಚಿಕೊಂಡನಲ್ಲ ಎಂದು.

ಸೆಪ್ಟೆಂಬರ್ ಪೂರ್ತಿ ತಾತ ನಡೆದ. ಬೆಳಿಗ್ಗೆ ಸರೋವರದ ದಂಡೆಯ ಮೇಲೆ, ಸಂಜೆ ದಿಮ್ಮಿ ಕಡಿದ ಬಯಲಿನಲ್ಲಿ, ರಬ್ಬರ್ ಬೂಟು ಹಾಕಿಕೊಂಡು. ಬರುವಾಗ ಜೇಬಿನಲ್ಲಿ ಅಣಬೆ ಇರುತ್ತಿತ್ತು, ಟೋಪಿಯಲ್ಲಿ ಕೆಂಪು ಲಿಂಗನ್ ಹಣ್ಣು. ಒಂದು ದಿನ ಬಲೆಗೆ ಬಿದ್ದ ಪೈಕ್ ಮೀನನ್ನು ತಂದು ಹೊರಗಿನ ಹಲಗೆಯ ಮೇಲೆ ತಾನೇ ಸೀಳಿದ. ತಲೆಯನ್ನು ಸಾರಿಗೆ ಹಾಕಿ, ಕೆನ್ನೆಯ ಮಾಂಸವನ್ನು ಚಾಕುವಿನ ತುದಿಯಲ್ಲಿ ಕಿತ್ತು ಸೈಲಾಳ ತಟ್ಟೆಗೆ ಹಾಕಿದ.

"ಬೇಡ ತಾತ," ಅವಳು ಹೇಳಿದಳು. ಆ ಮನೆಯಲ್ಲಿ ಇಲ್ಕನ ಹೊರತು ಎಲ್ಲರೂ ಅವನನ್ನು ತಾತ ಎಂದೇ ಕರೆಯುತ್ತಿದ್ದರು; ತೌನೊ ಎಂಬ ಹೆಸರು ಊರಿನವರ ಬಾಯಲ್ಲಿ ಮಾತ್ರ. "ನಿಮಗೇ ಇಷ್ಟವಲ್ಲ ಅದು."

"ಇಷ್ಟ ಅಂತಲೇ ಕೊಟ್ಟಿದ್ದು. ಇಷ್ಟವಿಲ್ಲದ್ದನ್ನ ನಾಯಿಗೆ ಹಾಕ್ತೀನಿ."

ಅವಳು ತಿಂದಳು. ಚೆನ್ನಾಗಿದೆ ಎನ್ನಲಿಲ್ಲ. ತಿಂದ ಮೇಲೆ ಎದ್ದು ಪರದೆ ಬಿಚ್ಚಿ ತೊಳೆಯಲು ಹಾಕಿದಳು.

ಅಕ್ಟೋಬರ್‌ನಲ್ಲಿ ಬೇಟೆ ಶುರುವಾಯಿತು. ತಾತನನ್ನು ಒಬ್ಬನೇ ಜೌಗಿಗೆ ಕಳಿಸಲು ಸೈಲಾ ಒಪ್ಪಲಿಲ್ಲ. ಶನಿವಾರ ಭಾನುವಾರ ನೀನೂ ಹೋಗು ಎಂದು ಓಸ್ಸಿಗೆ ಹೇಳಿದಳು. ರಜೆಯ ದಿನ ಮುದುಕರ ಜೊತೆ ಕೆಸರು ತುಳಿಯಬೇಕಾ ಎಂದು ಅವನು ರೇಗಿದ. ಹಾಗಾದರೆ ನಿನ್ನ ಬಟ್ಟೆ ನೀನೇ ಒಗೆದುಕೋ, ನಿನ್ನ ಅನ್ನ ನೀನೇ ಬೇಯಿಸಿಕೋ ಎಂದು ಅವಳು ಶಾಂತವಾಗಿ ಹೇಳಿದಳು. ಓಸ್ಸಿ ಹೋದ.

ಹಳುವಿನವರು ಸಾಲಾಗಿ, ಒಬ್ಬರಿಗೊಬ್ಬರ ಕೂಗು ಕೇಳುವಷ್ಟು ದೂರದಲ್ಲಿ, ಕಿತ್ತಳೆ ಅಂಗಿ ತೊಟ್ಟು ಕಾಡಿನೊಳಗೆ ನಡೆಯುತ್ತಾರೆ. ಕೂಗುತ್ತ ಹೋಗಬೇಕು. ಎಡಗಡೆಯವನ ಕೂಗಿಗೆ ಉತ್ತರ ಕೊಡಬೇಕು, ಬಲಗಡೆಯವನಿಗೆ ದಾಟಿಸಬೇಕು. ಕೂಗು ನಿಂತರೆ ಸಾಲು ಹರಿಯಿತೆಂದೇ ಅರ್ಥ. ಕೂಗಿಗೆ ಎದ್ದು ಮುಂದಕ್ಕೆ ಬರುವ ಎಲ್ಕಿಗಾಗಿ ಕಾಡಿನ ಆಚೆ ತುದಿಯಲ್ಲಿ ಕೋವಿ ಹಿಡಿದ ಈಡುಗಾರರು ಕಾಯುತ್ತಿರುತ್ತಾರೆ.

ಮೊದಲ ದಿನ ಸರಿಯಾಗಿಯೇ ನಡೆಯಿತು. ಎರಡನೆಯ ದಿನ ಜೌಗಿನ ನಡುವೆ ತಾತನ ಕೂಗು ನಿಂತಿತು. ಅವನ ಎಡಕ್ಕಿದ್ದ ಓಸ್ಸಿ ನಾಲ್ಕಾರು ಸಲ ಕರೆದ. ಉತ್ತರವಿಲ್ಲ. ಸಾಲು ಬಿಟ್ಟು ಹುಡುಕಿಕೊಂಡು ಹೋದರೆ, ತಾತ ಬಿದ್ದ ಮರವೊಂದರ ಮೇಲೆ ಕೂತಿದ್ದ. ಬೂಟು ಬಿಚ್ಚಿ, ಕಾಲುಚೀಲ ಹಿಂಡಿ, ಜೇಬಿನಿಂದ ಒಣಗಿಸಿದ ಮೀನು ತೆಗೆದು ಜಗಿಯುತ್ತಿದ್ದ. ಎಡಗಿವಿ ಅಷ್ಟಾಗಿ ಕೇಳುತ್ತಿಲ್ಲ, ಎಲ್ಲರೂ ಮುಂದೆ ಹೋಗಿದ್ದಾರೆ ಅಂದುಕೊಂಡೆ ಎಂದ. ಅವನು ಅದನ್ನು ಹೇಳುತ್ತಿರುವಾಗಲೇ ಇಬ್ಬರ ಕಣ್ಣೆದುರೇ, ಸಾಲು ಹರಿದ ಜಾಗದಲ್ಲಿ, ಕುದುರೆಗಿಂತ ಎತ್ತರದ ಗಂಡು ಎಲ್ಕೊಂದು ಕೊಂಬು ತೂಗುತ್ತ ಹಿಂದಕ್ಕೆ ದಾಟಿ ಹೋಯಿತು. ಓಡಲಿಲ್ಲ. ನಡೆದೇ ಹೋಯಿತು. ತಾತ ಜಗಿಯುವುದನ್ನು ನಿಲ್ಲಿಸಿ ಅದು ಮರೆಯಾಗುವ ತನಕ ನೋಡಿದ.

"ಎಂಥಾ ಬೆನ್ನು ನೋಡಿದೆಯಾ," ಎಂದ. "ಇಡೀ ಚಳಿಗಾಲ ಉಣ್ಣಬಹುದು."

ತಂಡದ ಗುಡಿಸಲಿನಲ್ಲಿ ಬೆಂಕಿ ಕಾಯಿಸುತ್ತ ಕೂತಾಗ ಯಾರೂ ನೇರವಾಗಿ ಏನೂ ಅನ್ನಲಿಲ್ಲ. ಟೆರ್ಹೊ ಎಂಬ ಈಡುಗಾರನೊಬ್ಬ ಮಾತ್ರ, ಮುಂದಿನ ವಾರ ವೃದ್ಧಾಶ್ರಮದಿಂದ ಇನ್ನೂ ಒಂದಿಬ್ಬರನ್ನು ಕರೆತರೋಣ, ಎಲ್ಕುಗಳಿಗೂ ಅನುಕೂಲ ಎಂದ. ಕೆಲವರು ನಕ್ಕರು. ಓಸ್ಸಿ ಎದ್ದು ಅವನ ಕೊರಳಪಟ್ಟಿಗೆ ಕೈ ಹಾಕಿದ. ಇಬ್ಬರನ್ನೂ ಬಿಡಿಸಿದವನು ರೇಯೊ. ತಾತ ತನ್ನ ಪಾಡಿಗೆ ಕಡ್ಡಿಗೆ ಚುಚ್ಚಿದ ಸಾಸೇಜನ್ನು ಬೆಂಕಿಯ ಮೇಲೆ ತಿರುಗಿಸುತ್ತಿದ್ದ. ಅದು ಸುಟ್ಟು ಸಿಡಿದ ಮೇಲೆ ಸಾಸಿವೆ ಹಚ್ಚಿ ಓಸ್ಸಿಯ ಕೈಗಿಟ್ಟು, ತಿನ್ನು ಎಂದ.

ಆ ವಾರವೇ ರೇಯೊ ಮನೆಗೆ ಬಂದ. ಸೈಲಾ ಕಾಫಿ ಕೊಟ್ಟಳು, ಏಲಕ್ಕಿ ಬನ್ನು ಇಟ್ಟಳು. ಅವನು ಬನ್ನಿನ ಮೇಲಿನ ಸಕ್ಕರೆಯನ್ನು ಬೆರಳಿನಿಂದ ಕೆರೆಯುತ್ತ ವಿಷಯಕ್ಕೆ ಬಂದ. ತಂಡದ ಸಭೆ ಆಗಿದೆ. ಹಳುವಿಗೆ ತೌನೊ ಬರುವುದು ಬೇಡ, ಏನಾದರೂ ಆದರೆ ಯಾರು ಹೊಣೆ. ಗುಡಿಸಲಿನಲ್ಲಿ ಇದ್ದುಕೊಂಡು ಸಾರಿನ ಹಂಡೆ ನೋಡಿಕೊಳ್ಳಲಿ. ಕೆಲವರು ಪಾಲೇ ಬೇಡ ಅಂದರು. ತಾನು ಜಗಳವಾಡಿ ಅರ್ಧಕ್ಕೆ ಒಪ್ಪಿಸಿ ಬಂದಿದ್ದೇನೆ. ಇನ್ನು ಪಾಲು ಹಾಕುವ ದಿನ ಗೋಡೆ ಕಡೆ ನಿಂತು ಹೆಸರು ಹೇಳುವವನು ಎಂದಿನಂತೆ ತೌನೊನೇ. ಅದರಲ್ಲಿ ಎರಡು ಮಾತಿಲ್ಲ.

"ಅರ್ಧ," ಓಸ್ಸಿ ಹೇಳಿದ. "ನೀನು ಹುಟ್ಟೋಕೆ ಮುಂಚೆಯಿಂದ ಎಲ್ಕ್ ಕೆಡವ್ತಿದ್ದವನಿಗೆ ಅರ್ಧ."

"ಹುಟ್ಟಿದ್ದೆ," ರೇಯೊ ಹೇಳಿದ. "ತೊಟ್ಟಿಲಲ್ಲಿದ್ದೆ. ನನ್ನ ಬಾಯಿಗೆ ಮೊದಲ ತುಂಡು ಎಲ್ಕ್ ನಾಲಿಗೆ ಇಟ್ಟವನು ನಿನ್ನ ತಾತನೇ."

"ಹಂಡೆ ನೋಡ್ಕೋತೀನಿ," ತಾತ ಹೇಳಿದ. "ಹೋದ ವರ್ಷ ಸಾರಿಗೆ ಉಪ್ಪೇ ಇರಲಿಲ್ಲ."

ರೇಯೊ ಹೋದ ಮೇಲೆ ಅಡುಗೆಮನೆಯಲ್ಲಿ ಜಗಳವಾಯಿತು. ನೀನು ಯಾಕೆ ಬಾಯಿ ಬಿಡಲಿಲ್ಲ ಎಂದು ಓಸ್ಸಿ ಅಪ್ಪನನ್ನು ಕೇಳಿದ. ಏನು ಬಾಯಿ ಬಿಡಬೇಕಿತ್ತು, ಅವನು ಹೇಳಿದ್ದು ಸರಿಯಾಗಿಯೇ ಇದೆ ಎಂದು ಇಲ್ಕ ಹೇಳಿದ. ನಿನಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ ಎಂದು ಓಸ್ಸಿ ಅರಚಿದ. ಸೈಲಾ ಲೋಟ ತೊಳೆಯುತ್ತಿದ್ದಳು. ಫ್ರೀಜರಿನಲ್ಲಿ ಜಾಗ ಅರ್ಧವೇ ಸಾಕಾಗುತ್ತದೆ ಎಂದಳು. ತಾತ ಬನ್ನು ಮುಗಿಸಿ, ತಟ್ಟೆಯ ಮೇಲೆ ಉಳಿದಿದ್ದ ಸಕ್ಕರೆಯನ್ನು ಬೆರಳಿಗೆ ಒತ್ತಿಕೊಂಡು ನೆಕ್ಕಿ, ಮಲಗಲು ಹೋದ.

ಪಾಲು ಹಾಕುವ ಕ್ರಮ ಆ ಊರಿನಲ್ಲಿ ಹೀಗೆ. ತಂಡದ ಕೊಟ್ಟಿಗೆಯೊಳಗಿನ ಉದ್ದನೆಯ ಮೇಜಿನ ಮೇಲೆ ಮಾಂಸವನ್ನು ಗುಡ್ಡೆಗುಡ್ಡೆಯಾಗಿ ಇಡುತ್ತಾರೆ. ಪಾಲುದಾರರಲ್ಲಿ ಒಬ್ಬ ಮೇಜಿಗೆ ಬೆನ್ನು ಹಾಕಿ ಗೋಡೆ ಕಡೆ ಮುಖ ಮಾಡಿ ನಿಲ್ಲುತ್ತಾನೆ. ಪಾಲಿಲ್ಲದ ಇನ್ನೊಬ್ಬ ಯಾವುದಾದರೂ ಗುಡ್ಡೆಯ ಮೇಲೆ ಕೈಯಿಟ್ಟು "ಇದು ಯಾರಿಗೆ?" ಎನ್ನುತ್ತಾನೆ. ಗೋಡೆ ನೋಡುತ್ತಿರುವವನು ಒಂದು ಹೆಸರು ಹೇಳುತ್ತಾನೆ. ಬಿದ್ದ ಹೆಸರು ಬಿತ್ತು. ಮೂಳೆ ಜಾಸ್ತಿ ಬಂದರೂ, ಬೆನ್ನಿನ ತುಂಡು ಬಂದರೂ, ಯಾರೂ ತುಟಿ ಬಿಚ್ಚುವಂತಿಲ್ಲ. ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳವರೂ ಈ ಮೇಜಿನ ಮುಂದೆ ಒಟ್ಟಿಗೆ ನಿಂತು ಚೀಲ ತುಂಬಿಕೊಂಡು ಹೋಗುತ್ತಿದ್ದರು. ಗೋಡೆ ಕಡೆ ನಿಲ್ಲುವವನು ತೌನೊ ಎಂದಾದಂದಿನಿಂದ ಅಲ್ಲಿ ಒಂದು ಗೊಣಗೂ ಎದ್ದಿರಲಿಲ್ಲ. ಅವನು ತನ್ನ ಹೆಸರನ್ನು ಕೊನೆಗೆ ಹೇಳುತ್ತಿದ್ದ. ಅದಕ್ಕೂ ಮುಂಚೆ ಮುಖಂಡನದು. ಉಳಿದವರವು ಬಾಯಿಗೆ ಬಂದ ಹಾಗೆ.

ಆ ದಿನ ಹಿಮ ಬಿದ್ದಿತ್ತು. ಮೇಜಿನ ತುಂಬ ಕಡುಗೆಂಪು ಗುಡ್ಡೆಗಳು. ಒಂದು ಮಾತ್ರ ಉಳಿದವುಗಳ ಅರ್ಧದಷ್ಟು. ಅದನ್ನು ಬೇರೆ ಚೀಲಕ್ಕೆ ಹಾಕಿ ಬದಿಗಿಡೋಣ ಎಂದು ಟೆರ್ಹೊ ಹೇಳಿದ. ಭಿಕ್ಷೆಯ ಹಾಗೆ ಬದಿಗಿಡುವುದು ಬೇಡ, ಎಲ್ಲರ ಗುಡ್ಡೆಯ ಜೊತೆ ಮೇಜಿನ ಮೇಲೇ ಇರಲಿ ಎಂದು ರೇಯೊ ಹೇಳಿದ. ಹೇಗೂ ತೌನೊ ತನ್ನ ಹೆಸರು ಕೊನೆಗೇ ಹೇಳುತ್ತಾನೆ. ಕೈಯಿಡುವವನು ಅದೊಂದನ್ನು ಕೊನೆಗೆ ಉಳಿಸಿದರೆ ಆಯಿತು. ಎಲ್ಲರೂ ತಲೆಯಾಡಿಸಿದರು. ಗುಡ್ಡೆ ನೋಡಿ ಕೈಯಿಡುವುದು ಆ ಮೇಜಿನ ಮೇಲೆ ಅದೇ ಮೊದಲು ಎಂದು ಯಾರಿಗೂ ಹೊಳೆಯಲಿಲ್ಲ. ತಾತನಿಗೆ ಹೊಳೆಯಿತೋ ಏನೋ, ಅವನು ಒಂದು ಗಳಿಗೆ ರೇಯೊನ ಮುಖ ನೋಡಿದ. ಆಮೇಲೆ, ನಿನ್ನಿಷ್ಟ ಎಂದು ಟೋಪಿ ತೆಗೆದು ಗೋಡೆಗೆ ತಿರುಗಿದ.

ಕೈಯಿಡಲು ರೇಯೊ ಕರೆದದ್ದು ಓಸ್ಸಿಯನ್ನು. ತಂಡದ ಸದಸ್ಯನಲ್ಲದ ಅವನಿಗೆ ಪಾಲಿರಲಿಲ್ಲ, ತೌನೊನ ಮನೆಯವನು ಎಂಬ ನಂಬಿಕೆಯಿತ್ತು.

ಓಸ್ಸಿ ಮೊದಲ ಗುಡ್ಡೆಯ ಮೇಲೆ ಕೈಯಿಟ್ಟ. ತಣ್ಣಗಿತ್ತು. ಇದು ಯಾರಿಗೆ ಎಂದ. ತಾತ ಗೋಡೆಗೆ ಹೆಸರು ಹೇಳಿದ. ಒಬ್ಬೊಬ್ಬರಾಗಿ ಚೀಲ ತುಂಬಿಕೊಂಡರು. ಟೆರ್ಹೊನಿಗೆ ಒಳ್ಳೆಯ ಬೆನ್ನಿನ ತುಂಡು ಬಂತು. ಓಸ್ಸಿಗೆ ಅದನ್ನು ನೋಡಿ ಹಲ್ಲು ಕಚ್ಚುವಂತಾಯಿತು. ಮೇಜು ಖಾಲಿಯಾಗುತ್ತ ಬಂದು ಕೊನೆಗೆ ಎರಡು ಉಳಿದವು. ಒಂದು ಪೂರ್ತಿ, ಒಂದು ಅರ್ಧ. ಹೆಸರುಗಳೂ ಎರಡೇ ಉಳಿದಿದ್ದವು. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಓಸ್ಸಿ ಅರ್ಧ ಗುಡ್ಡೆಯ ಮೇಲೆ ಕೈಯಿಟ್ಟ.

"ಇದು ಯಾರಿಗೆ?"

"ರೇಯೊ," ತಾತ ಹೇಳಿದ.

ಟೆರ್ಹೊ ಏನೋ ಹೇಳಲು ಬಾಯಿ ತೆರೆದ, ರೇಯೊ ಕೈಯೆತ್ತಿ ತಡೆದ. ಅವನು ಮುಂದೆ ಬಂದು, ಓಸ್ಸಿಯ ಕೈ ಸರಿಯುವ ತನಕ ಕಾದು, ಅರ್ಧ ಗುಡ್ಡೆಯನ್ನು ತನ್ನ ಚೀಲಕ್ಕೆ ತುಂಬಿಕೊಂಡ. ಚೀಲದ ಬಾಯಿ ಕಟ್ಟುವಾಗ ಅವನ ಕಿವಿ ಕೆಂಪಾಗಿತ್ತು. ಓಸ್ಸಿ ತನಗೆ ಖುಷಿಯಾಗುತ್ತದೆ ಅಂದುಕೊಂಡಿದ್ದ. ಖುಷಿಯೂ ಆಗಲಿಲ್ಲ, ಏನೂ ಆಗಲಿಲ್ಲ. ಕೈ ಮಾತ್ರ ತಣ್ಣಗಿತ್ತು.

ತಾತ ತನ್ನ ಹೆಸರನ್ನು ಹೇಳಿ ತಿರುಗಿದ. ಮೇಜಿನ ಮೇಲೆ ಉಳಿದಿದ್ದ ಪೂರ್ತಿ ಗುಡ್ಡೆಯನ್ನು ನೋಡಿದ. ಓಸ್ಸಿಯನ್ನು ನೋಡಲಿಲ್ಲ. ಟೋಪಿ ಹಾಕಿಕೊಂಡು ಮಾಂಸವನ್ನು ಒಂದೊಂದೇ ತುಂಡಾಗಿ ಚೀಲಕ್ಕಿಟ್ಟ.

ಮನೆಯಲ್ಲಿ ಸೈಲಾ ಚೀಲ ಎತ್ತಿ ನೋಡಿ, ಇದು ಅರ್ಧವಲ್ಲವಲ್ಲ ಎಂದಳು. ಓಸ್ಸಿ ನಡೆದದ್ದನ್ನು ಹೇಳಿದ. ಇಲ್ಕ ಬಹಳ ದಿನದ ಮೇಲೆ ನಕ್ಕ. ಮಗನ ಬೆನ್ನಿಗೆ ತಟ್ಟಿದ. ಆ ತಟ್ಟುವಿಕೆಗೆ ಓಸ್ಸಿ ವರ್ಷಗಟ್ಟಲೆ ಕಾದಿದ್ದ, ಈಗ ಅದು ಯಾರದೋ ಬೆನ್ನಿಗೆ ಬಿದ್ದ ಹಾಗಿತ್ತು. ಸೈಲಾ ಮಾಂಸವನ್ನು ಈರುಳ್ಳಿ ಹಾಕಿ ಬೇಯಿಸಿ ಆಲೂಗಡ್ಡೆಯ ಜೊತೆ ಬಡಿಸಿದಳು. ತಾತ ಆಲೂಗಡ್ಡೆ ತಿಂದ. ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ತಿಂದ. ಮಾಂಸದ ಬೋಗುಣಿ ತನ್ನ ಮುಂದೆ ಬಂದಾಗ ಅದನ್ನು ಮುಂದಕ್ಕೆ ದಾಟಿಸಿದ.

"ಹುಷಾರಿಲ್ಲವಾ ತಾತ?" ಸೈಲಾ ಕೇಳಿದಳು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅವನು ಎಲ್ಕ್ ಮಾಂಸ ಬೇಡವೆಂದದ್ದನ್ನು ಅವಳು ನೋಡಿರಲಿಲ್ಲ.

"ಹುಷಾರಿದ್ದೀನಿ. ಇದು ನಂದಲ್ಲ."

"ನಿಂದೇ ಅದು, ಅಪ್ಪ," ಇಲ್ಕ ಹೇಳಿದ. "ನಿನಗೆ ಸಲ್ಲಬೇಕಾದದ್ದೇ ಬಂತು. ಹೇಗೆ ಬಂದರೇನು."

"ನಿಂಗೆ ಹೇಗೆ ಬಂದ್ರೂ ಆಗುತ್ತೆ," ತಾತ ಹೇಳಿದ. "ಅದಕ್ಕೇ ನೀನು ಯಾವತ್ತೂ ಬೇಟೆಗೆ ಬರಲಿಲ್ಲ."

ಮರುದಿನ ಅವನು ಪೂರ್ತಿ ಗುಡ್ಡೆಯನ್ನು, ಬೇಯಿಸಿದ್ದಕ್ಕೆ ಬದಲು ಫ್ರೀಜರಿನಲ್ಲಿ ಉಳಿದಿದ್ದ ಹೋದ ವರ್ಷದ ಮಾಂಸದಿಂದ ಅಷ್ಟೇ ತೂಕ ಸೇರಿಸಿ, ಚೀಲಕ್ಕೆ ತುಂಬಿ, ಕಾರು ತೆಗೆ ಎಂದು ಓಸ್ಸಿಗೆ ಹೇಳಿದ. ರೇಯೊನ ಮನೆ ಬರುವ ತನಕ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ರೇಯೊ ಬಾಗಿಲು ತೆರೆದು ಚೀಲ ನೋಡಿದ ಕೂಡಲೇ ತಲೆಯಲ್ಲಾಡಿಸಿದ.

"ಬಿದ್ದ ಹೆಸರು ಬಿತ್ತು ತೌನೊ. ನೀನೇ ಕಲಿಸಿದ್ದು. ವಾಪಸು ಇಲ್ಲ."

"ಮೇಜು ಕುರುಡಾಗಿದ್ರೆ ವಾಪಸು ಇಲ್ಲ. ಇವನ ಕೈಗೆ ಕಣ್ಣಿತ್ತು."

"ಕಣ್ಣು ಕೊಟ್ಟವನು ನಾನು. ಕೊನೆಗೆ ಉಳಿಸು ಅಂತ ನಾನೇ ಅಂದೆ."

"ಅಂದೆ. ನಾನೂ ಸುಮ್ಮನಿದ್ದೆ," ತಾತ ಹೇಳಿದ. "ಮುಂದಿನ ಸಲ ಗೋಡೆ ಕಡೆ ಬೇರೆ ಯಾರನ್ನಾದ್ರೂ ನಿಲ್ಸು."

ಬೇಡ, ಗೋಡೆ ಕಡೆ ನೀನೇ ನಿಲ್ಲು ಎಂದು ರೇಯೊ ಹೇಳುತ್ತಾನೇನೋ ಎಂದು ಓಸ್ಸಿ ಕಾದ. ಅವನು ಬೇಡ ಎನ್ನಲಿಲ್ಲ. ಒಳಗೆ ಹೋಗಿ ಅರ್ಧ ಗುಡ್ಡೆಯ ಚೀಲ ತಂದು ತಾತನ ಕೈಗೆ ಕೊಟ್ಟು, ತನ್ನದನ್ನು ತೆಗೆದುಕೊಂಡು, ಬಾಗಿಲು ಮೆಲ್ಲಗೆ ಹಾಕಿದ. ಓಸ್ಸಿಯ ಕಡೆ ಅವನು ಒಂದು ಸಲವೂ ನೋಡಿರಲಿಲ್ಲ. ಬಯ್ದಿದ್ದರೆ ಓಸ್ಸಿ ತಿರುಗಿ ಬಯ್ಯುತ್ತಿದ್ದ.

ಆ ಭಾನುವಾರ ಸೈಲಾ ಮಾಂಸವನ್ನು ಮಣ್ಣಿನ ಪಾತ್ರೆಯಲ್ಲಿ ಕರಿಮೆಣಸು ಹಾಕಿ ಬೆಳಗಿನಿಂದ ಒಲೆಯೊಳಗೆ ಇಟ್ಟಿದ್ದಳು. ಈ ಸಲ ತಾತ ಬೋಗುಣಿ ದಾಟಿಸಲಿಲ್ಲ. ಎರಡು ಸಲ ಬಡಿಸಿಕೊಂಡ. ಮೂಳೆಯನ್ನು ತಟ್ಟೆಗೆ ಬಡಿದು ಒಳಗಿನದನ್ನು ಹೀರಿದ, ಮೇಲೆ ಕೆಂಪು ಹಣ್ಣಿನ ಗೊಜ್ಜು ಹಾಕಿಕೊಂಡ, ಗಡ್ಡಕ್ಕೆ ಇಳಿದ ರಸವನ್ನು ಬ್ರೆಡ್ಡಿನಿಂದ ಒರೆಸಿ ಆ ಬ್ರೆಡ್ಡನ್ನೂ ತಿಂದ. ಇಲ್ಕ ತಲೆ ತಗ್ಗಿಸಿ ತಿನ್ನುತ್ತಿದ್ದ. ಸೈಲಾ ಮೊದಲ ಸಲ ತಾನಾಗಿ, ಚೆನ್ನಾಗಿ ಬೆಂದಿದೆ ಎಂದಳು.

"ಮುಂದಿನ ವರ್ಷ ನಾನು ಗುರಿ ಪರೀಕ್ಷೆ ಕಟ್ತೀನಿ ತಾತ," ಓಸ್ಸಿ ಹೇಳಿದ. "ಪಾಸಾಗ್ತೀನಿ. ಮನೆಗೆ ಪೂರ್ತಿ ಪಾಲು ನಾನು ತರ್ತೀನಿ."

"ಯಾವ ತಂಡದಿಂದ?"

"ನಮ್ಮದರಿಂದಲೇ."

"ಯಾರು ಸೇರಿಸ್ಕೋತಾರೆ?"

ತಾತ ಚುಚ್ಚಲು ಕೇಳಿರಲಿಲ್ಲ. ಉಪ್ಪು ಎಲ್ಲಿದೆ ಎಂದು ಕೇಳುವವನ ಹಾಗೆ ಕೇಳಿ ಉತ್ತರಕ್ಕಾಗಿ ಕಾದ. ಓಸ್ಸಿ ಮೇಜಿನ ಸುತ್ತ ಕೂತವರನ್ನು ನೋಡಿದ. ಅಪ್ಪ ಮೂಳೆ ಬಿಡಿಸುತ್ತಿದ್ದ. ಅಮ್ಮ ಎದ್ದು ಕಾಫಿ ಇಡಲು ಹೋದಳು. ಈ ಮನೆಯ ಗುಡ್ಡೆ ಆ ಮೇಜಿನ ಮೇಲೆ ಇನ್ನೆಷ್ಟು ವರ್ಷ ಇರುತ್ತದೆ ಎಂಬುದು ಓಸ್ಸಿಗೆ ಆಗ ಅರ್ಥವಾಯಿತು. ತಾತ ಇರುವಷ್ಟು ವರ್ಷ, ಅದೂ ಅರ್ಧ.

ತಾತ ಅವನ ತಟ್ಟೆಯ ಕಡೆ ಚಾಕು ತೋರಿಸಿದ.

"ತಿನ್ನು. ತಣ್ಣಗಾದ್ರೆ ಕೊಬ್ಬು ಅಂಗುಳಕ್ಕೆ ಅಂಟುತ್ತೆ."

ಓಸ್ಸಿ ತಿಂದ. ಆಗಲೇ ತಣ್ಣಗಾಗಿತ್ತು.